ಜಪ್ಪಯ್ಯ ಅಂದರೂ ಅಲುಗದ ಸ್ಟೇರಿಂಗ್

ಗುರುಪಾದಪ್ಪ ಕಾರಿನಿಂದ ಇಳಿಯುವಾಗ ಸ್ಟೇರಿಂಗನ್ನು ಹಿಡಿದು ಎದ್ದಿದ್ದರು. ಕೀಲಿ ತೆಗೆದ ಮೇಲೆ ತುಸು ತಿರುಗಿದರೂ ಕಳ್ಳರು ಒಯ್ಯದಂತೆ ಬಿಗಿದುಕೊಳ್ಳುವ ಅದು ಹಾಗೇ ಲಾಕಾಗಿಬಿಟ್ಟಿತು. ಮರಳಿ ಬಂದು ನೋಡಿದರೆ ಕೀಲಿ ತಿರುಗಲೊಲ್ಲದು, ಗಾಡಿ ಸ್ಟಾರ್ಟ್ ಆಗಲೊಲ್ಲದು.

"ಸ್ವಲ್ಪ ಸಡಿಲಬಿಡು, ನಾನು ತಿರುಗುತ್ತೇನೆ," ಎಂದಿತು ಕೀಲಿ.

"ಸಡಿಲಬಿಡು ಅನ್ನುವುದೇ ಕಳ್ಳರ ಮೊದಲ ಮಾತು," ಎಂದಿತು ಸ್ಟೇರಿಂಗ್. "ನಿನ್ನ ಹಲ್ಲುಗಳೆಲ್ಲ ಸವೆದಿವೆ. ನೀನು ಅಸಲಿ ಕೀಲಿಯಲ್ಲ."

"ದಿನವೂ ನಿನ್ನನ್ನು ಬಿಡಿಸಿ ಬಿಡಿಸಿಯೇ ಸವೆದದ್ದು."

"ಕಳ್ಳನೂ ಹೀಗೇ ಹಳೇ ನಂಟು ಹೇಳಿಕೊಂಡು ಬರುತ್ತಾನೆ."

"ಜಪ್ಪಯ್ಯ ಅಂದ್ರೂ ಅಲುಗ್ತಿಲ್ವಲ್ಲ ಇದು!" ಎಂದು ಗೊಣಗಿದ ಗುರುಪಾದಪ್ಪ ಕೀಲಿಯನ್ನು ಜೇಬಿಗಿಳಿಸಿ, ಮೆಕ್ಯಾನಿಕ್‌ನನ್ನು ಕರೆತರಲು ಹೊರಟರು.

"ನಕಲಿ ಕೀಲಿ ಓಡಿಹೋಯಿತು," ಎಂದು ಸ್ಟೇರಿಂಗ್ ಬೀಗಿತು.

ಅವರು ಅತ್ತ ಹೋದದ್ದೇ ತಡ, ಇತ್ತ ಕಳ್ಳರ ಲಾರಿಯೊಂದು ಬಂದು ಕಾರಿನ ಮೂತಿಗೆ ಕೊಕ್ಕೆ ಹಾಕಿತು.

"ಯಾರು ನೀನು? ನಿನ್ನ ಹಲ್ಲು ತೋರಿಸು!" ಎಂದು ಸ್ಟೇರಿಂಗ್ ಗದರಿತು.

"ನನಗೆ ಹಲ್ಲೇ ಇಲ್ಲ," ಎಂದಿತು ಕೊಕ್ಕೆ. "ಸಡಿಲಬಿಡು ಅಂತಲೂ ನಾನು ಕೇಳುವುದಿಲ್ಲ. ನೀನು ಹಾಗೇ ಬಿಗಿಯಾಗಿ ಕೂತಿರು."

ಈ ಮಾತು ಸ್ಟೇರಿಂಗಿಗೆ ಹಿಡಿಸಿತು.

ಕೊಕ್ಕೆ ಕಾರಿನ ಮುಂದಿನ ಗಾಲಿಗಳನ್ನು ಮೇಲೆತ್ತಿತು; ಲಾರಿಯ ಹಿಂದೆ ಕಾರು ಊರು ದಾಟಿತು. ಸ್ಟೇರಿಂಗ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.