ಬಾಯಿ ಬಿಡದ ಮೈಕಮ್ಮ

ಖಾನಾವಳಿಯ ಅಡುಗೆಮನೆಯಲ್ಲಿ ಕಾವಲು ನಿಂತ ಇಲಿರಾಯ, ಹೆಂಡತಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅವಳನ್ನು ಗೋಡೆಯ ನಾಗಂದಿಗೆ ಹಲಗೆಗೆ ಹತ್ತಿಸಿ, ಕೆಳಗಿನಿಂದ ವೈರಿನ ಇನ್ನೊಂದು ತುದಿಯ ಮೈಕಾದ ಮೈಕಮ್ಮನಿಗೆ ಪಿಸುಗುಟ್ಟಿದ: "ಬೆಕ್ಕು ಮಲಗಿದೆ. ತುಪ್ಪದ ಗಡಿಗೆಗೆ ಬಾಯಿ ಹಾಕೇ!"

ಪಡಸಾಲೆಯ ಹಳೇ ರೇಡಿಯೋ ಗೊರಗೊರ ಎನ್ನುತ್ತ ಅದನ್ನೇ ಒದರಿತು. ಹುಲಿಯಷ್ಟು ದೊಡ್ಡ ಬೆಕ್ಕು (ಬೇಕಾದರೆ ಇಲಿರಾಯನನ್ನೇ ಕೇಳಿ) ಎದ್ದು ಬಂತು. ಗಂಡಹೆಂಡಿರು ಮೈಕಮ್ಮನ ಸಮೇತ ಓಡಿ ಹಿಟ್ಟಿನ ಡಬ್ಬದ ಹಿಂದೆ ಅವಿತರು.

"ಚಾಡಿಕೋರಿ!" ಎಂದ ಇಲಿರಾಯ.

"ನಿಮ್ಮಾಣೆ ರಾಯರೇ, ನಾನು ಯಾರಿಗೂ ಬಾಯಿ ಬಿಟ್ಟಿಲ್ಲ," ಎಂದಳು ಮೈಕಮ್ಮ.

"ಬಾಯಿ ಯಾಕೆ ಬೇಕು ತಾಯಿ?" ರೇಡಿಯೋ ಅಲ್ಲಿಂದಲೇ ನಕ್ಕಿತು. "ನಿನ್ನ ಉದ್ದನೆಯ ವೈರೇ ಗಾಳಿಯಲ್ಲೆಲ್ಲ ಸಾರ್ತಾ ಇದೆ. ಕೇಳಿದ್ದನ್ನು ಒದರೋದು ನನ್ನ ಜಾಯಮಾನ."

ಇಲಿರಾಯನಿಗೆ ಜ್ಞಾನೋದಯವಾಯಿತು. ಮೈಕಮ್ಮನನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದ: "ಹಾಗಾದರೆ ನಾವು ಹಿಟ್ಟಿನ ಡಬ್ಬದ ಹಿಂದಿರೋದು ಆ ರೇಡಿಯೋಗೆ ಮಾತ್ರ ಗೊತ್ತಾಗಬಾರದು!"