ಹಲ್ಲಿ ಲೊಚಗುಟ್ಟಿದ್ದು

ಕಂಪನಿಯೊಂದು ಕಂಪ್ಯೂಟರಿನೊಳಗೆ ಕಟ್ಟಿದ್ದ ಕಾಡಿನಲ್ಲಿ ಒಂದು ಗಿಳಿಯಿತ್ತು. ಅದು ಪರದೆಯಾಚೆ ಗೋಡೆಯ ಮೇಲಿದ್ದ ಹಲ್ಲಿಗೆ, "ನಾನಿಲ್ಲಿ ಸ್ವತಂತ್ರ. ಮಾತು ನಿಜವಾದರೆ ಲೊಚಗುಟ್ಟು" ಎಂದಿತು.

ಹಲ್ಲಿ ಲೊಚಗುಟ್ಟಲಿಲ್ಲ. "ನೀನೇ ಕಟ್ಟಿದ ಗೂಡನ್ನು ಎತ್ತಿಕೊಂಡು ಬೇರೆ ಕಂಪನಿಯ ಕಾಡಿಗೆ ಹೋಗಬಲ್ಲೆಯಾ?" ಎಂದು ಕೇಳಿತು.

ಗಿಳಿಗೆ ರೇಗಿತು. ರೇಗಿದ್ದು ಹಲ್ಲಿಯ ಮೇಲಲ್ಲ. ಗಿಳಿಯ ಮಾತಿಗೆ ಓಗೊಟ್ಟು ಮರುದಿನ ಆ ಕಾಡಿನ ಒಂದು ಹಕ್ಕಿಯೂ ಹಾರಲಿಲ್ಲ. ಹಕ್ಕಿ ಹಾರದ ಕಾಡನ್ನು ಯಾರು ನೋಡುತ್ತಾರೆಂದು ಕಂಪನಿಯ ಯಜಮಾನ ಗಾಬರಿಯಿಂದ ಓಡಿಬಂದ.

"ಕಾಡಿಗೊಂದು ಬಾಗಿಲಿಡಿ" ಎಂದಿತು ಗಿಳಿ.

"ಇಟ್ಟರೆ ಹೊರಟುಹೋಗುತ್ತೀರಿ."

"ಇಡದಿದ್ದರೆ ಹಾರುವುದಿಲ್ಲ."

ಯಜಮಾನ ಬೇರೆ ದಾರಿಯಿಲ್ಲದೆ ಬಾಗಿಲಿಟ್ಟ.

ತಿಂಗಳಾದ ಮೇಲೆ ಹಲ್ಲಿ, "ಇನ್ನೂ ಇಲ್ಲೇ ಇದ್ದೀಯಲ್ಲ?" ಎಂದಿತು.

"ಬಾಗಿಲು ಬಂದಾಗಿನಿಂದ ಯಜಮಾನ ದಿನಾ ಬಂದು, ನೆರಳು ಸಾಕೇ, ಹಣ್ಣು ಸಾಕೇ ಎಂದು ಕೇಳುತ್ತಾನೆ. ಕೇಳದ ದಿನ ಗೂಡು ಎತ್ತಿಕೊಂಡು ಹೊರಡುತ್ತೇನೆ."

ಹಲ್ಲಿ ಲೊಚಗುಟ್ಟಿತು.