ರೇಷ್ಮೆಯ ಹಿಂಬದಿ

ಪೂಜ್ಯ ದಾನ್‌ಯುನ್ ಭಿಕ್ಷುಗಳು ವಾಸವಾಗಿದ್ದುದು ದಕ್ಷಿಣ ಚೀನಾದ ಒಂದು ಬೆಟ್ಟದ ಮೇಲೆ, ಎರಡು ಕೋಣೆಯ ಬಿದಿರಿನ ಗುಡಿಸಲಿನಲ್ಲಿ. ಒಂದು ಕೋಣೆಯಲ್ಲಿ ಬುದ್ಧಮೂರ್ತಿ, ಇನ್ನೊಂದರಲ್ಲಿ ಮಸಿ ತೇಯುವ ಕಲ್ಲು. ಅವರಿಗೆ ಎರಡೂ ಪೂಜೆಯ ಸ್ಥಳಗಳೇ. ಮಸಿಗೆ ನೀರನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬೆರೆಸಿ, ಅದೊಂದರಿಂದಲೇ ಬೆಟ್ಟ, ಮಂಜು, ಹೊಳೆ ಎಲ್ಲವನ್ನೂ ಬರೆಯುತ್ತಿದ್ದರು. ಬಣ್ಣ ಮುಟ್ಟುತ್ತಿದ್ದುದು ಅಪರೂಪ, ಮುಟ್ಟಿದರೂ ಒಂದು ಚಿಟಿಕೆ.

ಶರತ್ಕಾಲದ ಒಂದು ಬೆಳಿಗ್ಗೆ ಷೆನ್ ಗುವಾಂಗ್ ಎಂಬ ಚಿತ್ರಗಾರ ಅಲ್ಲಿಗೆ ಏದುಸಿರು ಬಿಡುತ್ತ ಬಂದ. ದೇವಾಲಯದ ಗೋಡೆಗಳ ಮೇಲೆ ಆಳೆತ್ತರದ ದೇವತೆಗಳನ್ನು ಬರೆಯುವುದು ಅವನ ಕಸುಬು. ಕಣ್ಣು ಕೋರೈಸುವ ಹಸಿರು, ನೀಲಿ, ಕೆಂಪು ಅವನ ಬಂಡವಾಳ. ಮಸಿಯಲ್ಲಿ ಬರೆಯುವವರೆಂದರೆ ಅವನಿಗೆ ಅಷ್ಟಕ್ಕಷ್ಟೆ. ಬಣ್ಣಕ್ಕೆ ಗತಿಯಿಲ್ಲದವರ ವಿದ್ಯೆ ಎಂದು ಸಂಗಡಿಗರೊಡನೆ ನಗುತ್ತಿದ್ದ. ಅಂಥವನು ಬೆಟ್ಟ ಹತ್ತಿದ್ದು ಹೆಂಡತಿಯ ಮಾತಿಗೆ ಕಟ್ಟುಬಿದ್ದು.

ಅವನ ಏಳು ವರ್ಷದ ಮಗಳು ಲಾನ್ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಅವಳ ಮುಖವೇ ಅವನಿಗೆ ಮರೆಯುತ್ತಿತ್ತು. ಕಣ್ಣು ಮೂಗು ನೆನಪಿದ್ದವು. ಓಡಿ ಬಂದು ಎದುರು ನಿಂತಾಗ ಕೆನ್ನೆಗೇರುತ್ತಿದ್ದ ಆ ಕೆಂಪು ಮಾತ್ರ ಜಾರಿಹೋಗುತ್ತಿತ್ತು. ಸಾವಿರ ದೇವತೆಗಳ ಕೆನ್ನೆಗೆ ಬಣ್ಣವಿಟ್ಟ ಕೈ ಈ ಒಂದು ಪುಟ್ಟ ಕೆನ್ನೆಯ ಮುಂದೆ ಸೋತಿತ್ತು. ಒಂದು ಪದರ ಸಾಲದೆಂದು ಇನ್ನೊಂದು, ಅದೂ ಸಾಲದೆಂದು ಮತ್ತೊಂದು ಬಳಿಯುತ್ತಿದ್ದ. ಗೋಡೆಯಲ್ಲಿ ಪಳಗಿದವನ ಅಭ್ಯಾಸ. ಕಡೆಗೆ ಮಗಳ ಬದಲು ಹಬ್ಬದ ಮುಖವಾಡವೊಂದು ಅವನನ್ನು ನೋಡುತ್ತಿತ್ತು. ಹೀಗೆ ಹನ್ನೊಂದು ರೇಷ್ಮೆ ತುಂಡುಗಳು ಹಾಳಾದವು. ಹನ್ನೆರಡನೆಯದು, ಹೆಂಡತಿ ಮಗುವಿನ ಅಂಗಿಗೆಂದು ನೇಯ್ದಿಟ್ಟಿದ್ದ ತೆಳು ರೇಷ್ಮೆ.

"ಇದನ್ನೂ ಕೆಡಿಸಿದರೆ ಅವಳದ್ದು ಅಂತ ನನ್ನ ಹತ್ತಿರ ಏನೂ ಉಳಿಯೋದಿಲ್ಲ. ಮೊದಲು ಬೆಟ್ಟದ ಮೇಲಿನ ಆ ಗುರುಗಳನ್ನ ಕೇಳಿ ಬನ್ನಿ" ಎಂದು ಆಕೆ ಅದನ್ನು ಮರದ ಚೌಕಟ್ಟಿಗೆ ಬಿಗಿದು ಕೊಟ್ಟಿದ್ದಳು.

ಗುವಾಂಗ್ ನಮಸ್ಕರಿಸಿದ, ಆದರೆ ಮಾತಿನಲ್ಲಿ ಬಿಗುಮಾನ ಬಿಡಲಿಲ್ಲ. "ಗುರುಗಳೇ, ಮೂರು ವರ್ಷದ ಹಿಂದೆ ಹೋದ ನನ್ನ ಮಗಳ ಕೆನ್ನೆಯ ಬಣ್ಣ ಕೈಗೆ ಹತ್ತುತ್ತಿಲ್ಲ. ಬಣ್ಣವನ್ನೇ ಮುಟ್ಟದ ತಾವು ಏನು ಹೇಳಿಕೊಡ್ತೀರೋ, ನಾ ಕಾಣೆ."

ಭಿಕ್ಷುಗಳು ಬೇಸರಿಸಲಿಲ್ಲ. ಅವನಿಗೆ ಬಿಸಿನೀರು ಕೊಟ್ಟು, ತಾವೇ ಕುಳಿತು ಮಸಿ ತೇದರು. ಬಹಳ ಹೊತ್ತು ತೇದರು. ಬಳಿಕ ಕುಂಚವನ್ನು ಅವನ ಕೈಗಿತ್ತು, "ಮೊದಲು ಇದರಲ್ಲಿ ಬರಿಯಪ್ಪಾ" ಎಂದರು.

ಹುಬ್ಬು, ಮೂಗು, ಸ್ವಲ್ಪ ಮೇಲೆದ್ದ ತುಟಿ ಎಲ್ಲವೂ ಹೆಂಡತಿ ಕೊಟ್ಟ ರೇಷ್ಮೆಯ ಮೇಲೆ ತೆಳುಗೆರೆಗಳಲ್ಲಿ ಮೂಡಿದವು. ಮಗಳು ಬಂದಳು, ಆದರೆ ಬೆಳ್ಳಗೆ, ಕಡೆಯ ದಿನ ಹಾಸಿಗೆಯಲ್ಲಿದ್ದ ಹಾಗೆ. ಗುವಾಂಗ್‌ಗೆ ನೋಡಲಾಗಲಿಲ್ಲ. ಗಡಬಡಿಸಿ ತನ್ನ ಕೆಂಪು ಬಣ್ಣದ ಬಟ್ಟಲು ತೆಗೆದು ಕುಂಚ ಅದ್ದಿದ. ಕುಂಚ ಕೆನ್ನೆಗೆ ತಾಗುವಷ್ಟರಲ್ಲಿ ಭಿಕ್ಷುಗಳು ಅವನ ಮಣಿಕಟ್ಟು ಹಿಡಿದರು. ಬಣ್ಣಕ್ಕೆ ನೀರು ಬೆರೆಸಿ ತಿಳಿಯಾಗಿಸಿದರು. ಆಮೇಲೆ ಚೌಕಟ್ಟನ್ನೆತ್ತಿ ಹಿಂದುಮುಂದಾಗಿ ತಿರುಗಿಸಿ ಇಟ್ಟರು.

"ಇದು ಹಿಂಬದಿ!" ಎಂದ ಗುವಾಂಗ್. ಹುಟ್ಟಿದಾಗಿನಿಂದ ಗೋಡೆಗಳನ್ನೇ ಕಂಡವನಿಗೆ ಚಿತ್ರಕ್ಕೆ ಇನ್ನೊಂದು ಬದಿಯುಂಟೆಂಬುದೇ ಹೊಳೆದಿರಲಿಲ್ಲ.

ಭಿಕ್ಷುಗಳು ಮೆಲ್ಲಗೆ ನುಡಿದರು: "ಮಗು ಈಗ ಈ ಕಡೆ ಇಲ್ಲವಪ್ಪಾ. ಅವಳಿರುವ ಕಡೆಯಿಂದ ಹಚ್ಚು."

ಮೂರು ವರ್ಷಗಳಿಂದ ಗುವಾಂಗ್‌ಗೆ ಯಾರೂ ಇಷ್ಟು ನೇರವಾಗಿ, ಇಷ್ಟು ಮೃದುವಾಗಿ ಮಗು ಇಲ್ಲವೆಂದು ಹೇಳಿರಲಿಲ್ಲ. ಅಳುತ್ತಲೇ ರೇಷ್ಮೆಯ ಹಿಂದೆ, ಕೆನ್ನೆಯಿರಬೇಕಾದಲ್ಲಿ ಒಂದೇ ಒಂದು ತೆಳುಪದರ ಸವರಿದ. ಎರಡನೆಯದಕ್ಕೆ ಕೈ ತಾನಾಗಿ ಹೋಯಿತು, ತಾನೇ ಹಿಂದಕ್ಕೆಳೆದುಕೊಂಡ. ಅವನ ಜೀವಮಾನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಬಣ್ಣ ಆರಿದ ಮೇಲೆ ಭಿಕ್ಷುಗಳು ಚೌಕಟ್ಟನ್ನು ಅವನೆಡೆಗೆ ತಿರುಗಿಸಿದರು. ನೂಲಿನ ಎಳೆಗಳೊಳಗಿಂದ ಕೆಂಪು ತೆಳುವಾಗಿ ಮೇಲೆ ಬಂದಿತ್ತು. ಮಸಿಯ ಗೆರೆ ಒಂದೂ ಮುಚ್ಚಿಹೋಗಿರಲಿಲ್ಲ. ಈಗ ತಾನೇ ಅಂಗಳದಿಂದ ಓಡಿ ಬಂದು, ಉಸಿರು ಹಿಡಿದು ಅಪ್ಪನೆದುರು ನಿಂತಿದ್ದಳು ಲಾನ್.

ಅವಳು ತನ್ನವಳಾಗಿ ಮರಳುವುದಿಲ್ಲವೆಂದು ಗುವಾಂಗ್‌ಗೆ ಆಗ ತಿಳಿದಷ್ಟು ಸ್ಪಷ್ಟವಾಗಿ ಹಿಂದೆಂದೂ ತಿಳಿದಿರಲಿಲ್ಲ. ಆದರೂ ಬಾಗಿ, ಆ ಮುಖದ ಹತ್ತಿರ ಮುಖ ತಂದು, "ಊಟ ಆಯ್ತೇನಮ್ಮಾ?" ಎಂದು ಕೇಳಿದ. ದಾನ್‌ಯುನ್ ಭಿಕ್ಷುಗಳು ಕಣ್ಣು ಮುಚ್ಚಿ ಕೈಮುಗಿದರು.